ಮನೇಲಿ ಬ್ರೂಯಿಂಗ್ ಸೆಟಪ್ ಕಟ್ಟೋಕೆ ಮೂರು ಪಾತ್ರೆ ಬೇಕಾ? ದಾವಣಗೆರೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ಮ ಭಾವ ಅಮೆರಿಕಾದಲ್ಲಿ ಗ್ಯಾರೇಜ್ ಒಳಗೆ ಸ್ಟೀಲ್ ಸ್ಟ್ಯಾಂಡ್ ಮೇಲೆ ಮೂರು ದೊಡ್ಡ ಪಾತ್ರೆ, ಪಂಪು, ಡಿಜಿಟಲ್ ಕಂಟ್ರೋಲ್ ಪ್ಯಾನೆಲ್ ಎಲ್ಲ ಇಟ್ಕೊಂಡು ತಾವೇ ಬಿಯರ್ ಮಾಡ್ತಾರೆ, ಫೋಟೋ ನೋಡಿದಾಗಿಂದ ತಲೆ ತುಂಬ ಅದೇ. ನಾನು ದಾವಣಗೆರೆ, ಓದಿರೋದು ಮೆಕ್ಯಾನಿಕಲ್, ತಾರಸಿ ಮೇಲೆ ಶೀಟ್ ಹಾಕಿದ ರೂಮ್ ಐತೆ. ಶಾಖ ಒಂದೇ ಮಟ್ಟದಲ್ಲಿ ಹಿಡಿದಿಡೋ ಪಿಐಡಿ ಕಂಟ್ರೋಲರ್, ಕಾಯಿಸೋ ಎಲಿಮೆಂಟನ್ನ ಆನ್ ಆಫ್ ಮಾಡೋ 40 ಆಂಪ್ಸ್ ಎಸ್ಎಸ್ಆರ್ (ಎಲೆಕ್ಟ್ರಾನಿಕ್ ಸ್ವಿಚ್ಚು) ಆಗ್ಲೇ ಆನ್‌ಲೈನ್‌ನಲ್ಲಿ ತರಿಸಿಟ್ಟೀನಿ. 50 ಲೀಟರ್ ಪಾತ್ರೆ ಮೂರು ಕೊಳ್ಳಲಾ? ಯಾವ ಸ್ಟೀಲು? ಬಿಯರ್ ಆಗಲ್ಲ ಅಂದ್ರೆ ಅದೇ ಸೆಟಪ್‌ನಲ್ಲಿ ರಾಗಿ ಮಾಲ್ಟ್ ಥರದ್ದು ಏನಾದ್ರೂ ಮಾಡಬಹುದಾ? ಹಳೇ ಫ್ರಿಜ್ ಕೂಡ ಒಂದೈತೆ.

ಉತ್ತರ:

ಮೊದಲು ಬಿಯರ್ ವಿಷಯ ಮುಗಿಸಿಬಿಡೋಣ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ದೆ ಮದ್ಯ ತಯಾರಿಸೋ ಹಂಗಿಲ್ಲ, ಮಾರಲ್ಲ ನಾವೇ ಕುಡಿಯೋದು ಅಂದ್ರೂ ಬಿಯರ್‌ಗೆ ಅಂಥ ವಿನಾಯಿತಿ ಇಲ್ಲ. ನಿಮ್ಮ ಭಾವಂದು ಬೇರೆ ಕಥೆ, ಅಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿಂದ ಮನೆ ಮಟ್ಟಿಗೆ ಬಿಯರ್ ಮಾಡ್ಕೊಳ್ಳೋಕೆ ಅವಕಾಶ ಬಂತು, ಒಬ್ಬ ವಯಸ್ಕರಿದ್ರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಇಲ್ಲಾ ಅದಕ್ಕಿಂತ ಹೆಚ್ಚಿದ್ರೆ ಮನೆಗೆ 200 ಗ್ಯಾಲನ್ ಅಷ್ಟೇ, ಅದ್ರಲ್ಲೂ ಅಲಬಾಮಾ ಮಿಸಿಸಿಪ್ಪಿ ರಾಜ್ಯದೋರು 2013ರ ತನಕ ಕಾಯ್ಬೇಕಾಯ್ತು. ಹಂಗಾಗಿ ಅವರ ಗ್ಯಾರೇಜ್ ಅಲ್ಲೇ ಚೆಂದ. ನಾನು ಇಲ್ಲಿ ಹೇಳೋದು ನಿಮ್ಮ ಕೊನೇ ಪ್ರಶ್ನೆಗೆ, ರಾಗಿ ಮೊಳಕೆಯಿಂದ ಹುಳಿ ಬರಿಸದೆ ಸಿಹಿ ರಸ ತೆಗೆದು, ತಣ್ಣಗೆ ಮಾಡಿ, ಗ್ಯಾಸ್ ತುಂಬಿ ಸೋಡಾ ಥರ ಕುಡಿಯೋ ಮಾಲ್ಟ್ ಡ್ರಿಂಕ್. ಬಿಯರ್ ಮಾಡೋರ ಅರ್ಧ ಕೆಲಸ ಇದೇನೇ, ಈಸ್ಟ್ ಹಾಕೋ ಮುಂಚೆ ನಿಲ್ಲಿಸ್ತೀವಿ ಅಷ್ಟೇ. ಎಂಜಿನಿಯರಿಂಗ್ ಮಜಾ ಎಲ್ಲಾ ಈ ಅರ್ಧದಲ್ಲೇ ಐತೆ.

ಇನ್ನು ಮೂರು ಪಾತ್ರೆ. ಬೇಡ. ಯಾಕೆ ಅಂದ್ರೆ ಆ ಸೆಟಪ್ ಹುಟ್ಟಿದ್ದೇ ಬಾರ್ಲಿಗಾಗಿ. ಒಂದ್ರಲ್ಲಿ ನೀರು ಕಾಯಿಸ್ತಾರೆ, ಇನ್ನೊಂದ್ರಲ್ಲಿ ಒಡೆದ ಬಾರ್ಲಿ ಮಾಲ್ಟನ್ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸಿಡ್ತಾರೆ, ಮೂರನೇದ್ರಲ್ಲಿ ಸೋಸಿದ ರಸ ಕುದಿಸ್ತಾರೆ. ಬಾರ್ಲಿಗೆ ಮೇಲೆ ಒರಟು ಹೊಟ್ಟು ಇರುತ್ತೆ, ಅದು ತಳದಲ್ಲಿ ಕೂತು ತಾನೇ ಜರಡಿ ಆಗುತ್ತೆ, ಪಂಪ್ ಹಾಕಿ ರಸ ಸುತ್ತಿಸಿದ್ರೂ ಸಲೀಸಾಗಿ ಇಳಿಯುತ್ತೆ. ರಾಗಿಗೆ ಅಂಥ ಹೊಟ್ಟೆಲ್ಲಿ ಬರಬೇಕು ಹೇಳ್ರಿ. ರಾಗಿ ಹಿಟ್ಟು ಬಿಸಿನೀರಿಗೆ ಬಿದ್ರೆ ಅಂಬಲಿ, ಪಂಪ್ ಕಟ್ಕೊಳ್ಳುತ್ತೆ, ಜಾಲರಿ ಕಟ್ಕೊಳ್ಳುತ್ತೆ, ಎಲಿಮೆಂಟ್ ಅದ್ರಲ್ಲಿ ಮುಳುಗಿದ್ರೆ ಸುತ್ತ ಕರಕಲು ಕಟ್ಟಿ ಇಡೀ ಪಾತ್ರೆ ಸೀದ ವಾಸನೆ. ಫೋಟೋದಲ್ಲಿ ಇರೋದನ್ನ ಹಂಗೇ ಕಾಪಿ ಹೊಡೆದು ರಾಗಿ ಸುರಿದ್ರೆ ದುಡ್ಡೂ ಹೋಯ್ತು ರಾಗೀನೂ ಹೋಯ್ತು.

ನಾನು ಹೇಳೋದು ಪಾತ್ರೆಯೊಳಗೆ ಪಾತ್ರೆ. ಮನೇಲಿ ಸೀಟಿ ಹೊಡೆಯೋ ಹಾಲಿನ ಕುಕ್ಕರ್ ನೋಡಿರ್ತೀರಲ್ಲ, ಎರಡು ಗೋಡೆ ಮಧ್ಯೆ ನೀರು, ಹಾಲು ಸೀಯಲ್ಲ, ಅದನ್ನೇ ದೊಡ್ಡದು ಮಾಡ್ಕೊಳ್ಳೋದು. ಹೊರಗಡೆ 50 ಲೀಟರ್ ಪಾತ್ರೆ, ಅದಕ್ಕೆ ತಳದ ಹತ್ರ ಒಂದು 3 ಕಿಲೋವ್ಯಾಟ್ ಎಲಿಮೆಂಟು, ಒಂದು ಡ್ರೈನ್ ವಾಲ್ವು. ಒಳಗೆ 25 ಲೀಟರ್ ಪಾತ್ರೆ, ಅದಕ್ಕೆ ಯಾವ ತೂತೂ ಬೇಡ. ಮಧ್ಯದ ನೀರು ಕಾಯಿಸೋದಕ್ಕೂ ಅದೇ, ಆಮೇಲೆ ತಣ್ಣಗೆ ಮಾಡೋದಕ್ಕೂ ಅದೇ. ರಸ ಹರಿಸೋಕೆ ಪಂಪ್ ಇಲ್ಲ, ಪೈಪ್ ಇಲ್ಲ, ಕುಡಿಯೋ ರಸ ಮುಟ್ಟೋದು ಒಳಗಿನ ನುಣ್ಣನೆ ಪಾತ್ರೆ ಒಂದನ್ನೇ, ಅಂದ್ರೆ ತೊಳೆಯೋ ಕೆಲಸ ಹತ್ತು ನಿಮಿಷದ್ದು. ಸ್ಟ್ಯಾಂಡ್ ಮೇಲೆ ಮೂರು ಪಾತ್ರೆ ಇಟ್ಟ ಗತ್ತು ಬರಲ್ಲ ನಿಜ, ಆದ್ರೆ ವಾರವಾರ ಬಳಸೋದು ಇದನ್ನೇ, ಅದು ಮೂಲೇಲಿ ಧೂಳು ತಿನ್ನುತ್ತೆ.

ಸ್ಟೀಲ್ ವಿಷಯ. ಒಳಗಿನ ಪಾತ್ರೆಗೆ 304 ಗ್ರೇಡ್ ಸ್ಟೀಲ್ ತಗೊಳ್ರಿ, ಹೊರಗಿಂದು 202 ಆದ್ರೂ ನಡೆಯುತ್ತೆ ಯಾಕಂದ್ರೆ ಅದ್ರಲ್ಲಿ ಬರೀ ನೀರು. ಅಂಗಡಿಯೋರು ಮ್ಯಾಗ್ನೆಟ್ ಹಿಡಿದು ತೋರಿಸಿ ನೋಡಿ ಸರ್ ಅಂಟಲ್ಲ ಪಕ್ಕಾ 304 ಅಂತಾರೆ, ಅದನ್ನ ನಂಬಬೇಡ್ರಿ, 202 ಕೂಡ ಹೆಚ್ಚು ಕಮ್ಮಿ ಅಂಟಲ್ಲ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರ್ತಾರೆ, ಅದನ್ನ ಹಿಡಿಯೋಕೆ ಒಂದು ಟೆಸ್ಟಿಂಗ್ ಲಿಕ್ವಿಡ್ ಸಿಗುತ್ತೆ, ಒಂದು ಹನಿ ಬಿಟ್ಟು ಸಣ್ಣ 9 ವೋಲ್ಟ್ ಬ್ಯಾಟರಿ ಮುಟ್ಟಿಸಿದ್ರೆ 202 ಮೇಲೆ ಕೆಂಪಾಗುತ್ತೆ, ಗುಜರಿ ಸ್ಟೀಲ್ ವ್ಯಾಪಾರ ಮಾಡೋರ ಹತ್ರ ಇರುತ್ತೆ ಕೇಳಿ. ಎಲಿಮೆಂಟಿಗೆ ತೂತು ಹೊಡೆಸೋಕೆ ಹೋಲ್ ಸಾ ಸಾಕು, ಹಿಂದ್ಗಡೆ ನಟ್ಟು, ಮಧ್ಯೆ ಸಿಲಿಕಾನ್ ವಾಷರ್, ವೆಲ್ಡಿಂಗ್ ಬೇಕಾಗಿಲ್ಲ. ವೆಲ್ಡ್ ಮಾಡಿಸಲೇಬೇಕು ಅಂದ್ರೆ ಆರ್ಗಾನ್ ವೆಲ್ಡಿಂಗ್ ಮಾಡೋರ ಹತ್ರಾನೇ ಹೋಗ್ರಿ, ಮಾಮೂಲಿ ರಾಡ್ ವೆಲ್ಡಿಂಗ್‌ಗೆ ತೆಳು ಪಾತ್ರೆ ತೂತು ಬೀಳುತ್ತೆ. ಹರಿಹರ ಹತ್ರಾನೇ ಐತಲ್ಲ, ಕಿರ್ಲೋಸ್ಕರ್ ಲೇತ್ ಫ್ಯಾಕ್ಟರಿ ಇದ್ದ ಊರು, ಇಂಥ ಸಣ್ಣ ಕೆಲಸಕ್ಕೆ ಅಲ್ಲಿನ ವರ್ಕ್‌ಶಾಪ್ ಕೈಗಳು ಬೆಂಗಳೂರಿನೋರಿಗೆ ಏನೂ ಕಮ್ಮಿ ಇಲ್ಲ.

ಕರೆಂಟು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದ್ರಿ. 3 ಕಿಲೋವ್ಯಾಟ್ ಅಂದ್ರೆ 230 ವೋಲ್ಟಲ್ಲಿ 13 ಆಂಪ್ಸ್, ಮೊಬೈಲ್ ಚಾರ್ಜರ್ ಹಾಕೋ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಎಳೆದು ಹಾಕೋ ಕೆಲಸ ಅಲ್ಲ. ಮೀಟರ್ ಬೋರ್ಡಿಂದ ಸಪರೇಟ್ ಲೈನ್, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಎರಡೂ ಪೋಲ್ ಕಟ್ ಮಾಡೋ ಎಂಸಿಬಿ, ಅದ್ರ ಜತೆ ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಟ್ ಮಾಡೋ 30 ಮಿಲಿಆಂಪ್ಸ್ ಆರ್‌ಸಿಸಿಬಿ, ಇದಿಲ್ದೆ ಒದ್ದೆ ನೆಲದ ತಾರಸಿ ರೂಮಲ್ಲಿ ನೀರೊಳಗೆ ಎಲಿಮೆಂಟ್ ಇಡೋ ಮಾತೇ ಬೇಡ. ಎರಡೂ ಪಾತ್ರೆಗೆ ಅರ್ಥ್ ವೈರ್ ಬೋಲ್ಟ್ ಹಾಕಿ ಕಟ್ಟಬೇಕು. ಹಳೇ ಮನೆ ಆದ್ರೆ ಅರ್ಥ್ ಪಿನ್ ಬರೀ ತೋರಿಕೆಗೆ ಇರುತ್ತೆ, ಎಲೆಕ್ಟ್ರಿಷಿಯನ್ ಹತ್ರ ಅರ್ಥಿಂಗ್ ಚೆಕ್ ಮಾಡಿಸಿ. ಬೆಸ್ಕಾಂ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತೆ, ಒಂದೋ ಎರಡೋ ಕಿಲೋವ್ಯಾಟ್ ಇದ್ರೆ ಮೊದಲು ಅದನ್ನ ಏರಿಸಿಕೊಳ್ರಿ.

ನೀವು ತರಿಸಿಟ್ಟ ಎಸ್ಎಸ್ಆರ್ ಬಗ್ಗೆ ಒಂದು ಮಾತು. ಅದು ಕೆಟ್ರೆ ಸಾಮಾನ್ಯವಾಗಿ ಆನ್ ಆಗಿಯೇ ಕೆಡುತ್ತೆ, ಅಂದ್ರೆ ಕಂಟ್ರೋಲರ್ ಆಫ್ ಅಂತಿದ್ರೂ ಎಲಿಮೆಂಟ್ ಕಾಯ್ತಾನೇ ಇರುತ್ತೆ. ಜತೆಗೆ 13 ಆಂಪ್ಸಿಗೆ ಅದ್ರೊಳಗೇ ಸುಮಾರು 15 ವ್ಯಾಟ್ ಶಾಖ ಹುಟ್ಟುತ್ತೆ, ಹೀಟ್ ಸಿಂಕ್ ಇಲ್ದೆ ಪ್ಲಾಸ್ಟಿಕ್ ಡಬ್ಬೀಲಿ ಕೂರಿಸಿದ್ರೆ, ಅದೂ ಏಪ್ರಿಲ್ ತಿಂಗಳ ದಾವಣಗೆರೆ ಶೀಟ್ ರೂಮಲ್ಲಿ, ಹೆಚ್ಚು ದಿನ ಬಾಳಲ್ಲ. ಆನ್‌ಲೈನ್‌ನಲ್ಲಿ ಬರೋ 40 ಆಂಪ್ಸ್ ಲೇಬಲ್‌ಗಳಲ್ಲಿ ನಕಲಿ ಬೇರೆ ಜಾಸ್ತಿ. ಈ ಡಿಸೈನಿಗೆ ಪಿಐಡಿನೂ ಬೇಡ ಎಸ್ಎಸ್ಆರೂ ಬೇಡ, 20 ಲೀಟರ್ ನೀರು ತಾನೇ ನಿಧಾನದ ಆಸಾಮಿ, ಟಕ್ ಅಂತ ಶಾಖ ಏರಲ್ಲ ಇಳಿಯಲ್ಲ. ಎಸ್‌ಟಿಸಿ 1000 ಅನ್ನೋ ಅಗ್ಗದ ಥರ್ಮೋಸ್ಟ್ಯಾಟ್ ಸಾಕು. ಆದ್ರೆ ಅದ್ರೊಳಗಿನ ರಿಲೇ 10 ಆಂಪ್ಸಿಂದು, 3 ಕಿಲೋವ್ಯಾಟ್ ನೇರವಾಗಿ ಕೊಡಬೇಡ್ರಿ, ಅದು ಒಂದು 25 ಆಂಪ್ಸ್ ಕಾಂಟ್ಯಾಕ್ಟರ್‌ನ (ಹೆಚ್ಚು ಕರೆಂಟ್ ತಡ್ಕೊಳ್ಳೋ ದೊಡ್ಡ ರಿಲೇ) ಎಳೆಯಲಿ, ಕಾಂಟ್ಯಾಕ್ಟರ್ ಎಲಿಮೆಂಟಿಗೆ ಕೊಡಲಿ. ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡೋ ಯಾರಿಗೆ ಹೇಳಿದ್ರೂ ಇದು ಗೊತ್ತು.

ಸೆನ್ಸರ್ ಎಲ್ಲಿ ಇಡಬೇಕು ಅನ್ನೋದ್ರಲ್ಲಿ ತುಂಬ ಜನ ತಪ್ತಾರೆ. ರಾಗಿ ಇರೋ ಒಳ ಪಾತ್ರೇಲಿ ಅಲ್ಲ, ಹೊರಗಿನ ನೀರಲ್ಲಿ ಇಡ್ರಿ. ಒಳಗಿಟ್ರೆ ಒಳಗೆ 65 ಬರೋವಷ್ಟರಲ್ಲಿ ಹೊರಗೆ 85 ಆಗಿರುತ್ತೆ, ಎಲಿಮೆಂಟ್ ಆಫ್ ಆದಮೇಲೂ ಒಳಗೆ ಏರ್ತಾ ಹೋಗುತ್ತೆ. ಹೊರ ನೀರನ್ನ 68ಕ್ಕೆ ಸೆಟ್ ಮಾಡಿ, ಒಳಗೆ ಒಂದು ಮಾಮೂಲಿ ಅಡುಗೆ ಥರ್ಮಾಮೀಟರ್ ಇಟ್ಟು, ಮರದ ಕೋಲಲ್ಲಿ ಆಗಾಗ ತಿರುವಿ, 64ರಿಂದ 66 ಹತ್ರ ನಿಲ್ಲೋ ಥರ ಹೊರಗಿಂದನ್ನ ಒಂದೆರಡು ಡಿಗ್ರಿ ಆಚೀಚೆ ಮಾಡ್ಕೊಳ್ರಿ. ಒಳಗೆ 18 ಲೀಟರ್ ಹೊರಗೆ 20 ಲೀಟರ್ ಅಂದ್ರೆ ಲೆಕ್ಕದ ಪ್ರಕಾರ 28 ಡಿಗ್ರಿಯಿಂದ 66ಕ್ಕೆ ಒಂದೂಮುಕ್ಕಾಲು ಯೂನಿಟ್ ಕರೆಂಟ್ ಸಾಕು, ಗೋಡೆ ದಾಟಿ ಶಾಖ ಹೋಗೋ ಹೊತ್ತೂ ಸೇರಿ ಒಂದು ಗಂಟೆ ಅಂದ್ಕೊಳ್ರಿ.

ಈ 65 ಡಿಗ್ರಿ ಯಾಕೆ ಅಂತೀರಾ, ಇಡೀ ಆಟ ಇರೋದೇ ಅಲ್ಲಿ. ರಾಗಿ ಮೊಳಕೆ ಬಂದಾಗ ಅದ್ರಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ, ಅದು ಪಿಷ್ಟವನ್ನ ಒಡೆದು ಸಕ್ಕರೆ ಮಾಡುತ್ತೆ. ಎರಡು ಥರ ಇರುತ್ತೆ, ಒಂದಕ್ಕೆ 60ರಿಂದ 65 ಇಷ್ಟ, ಇನ್ನೊಂದಕ್ಕೆ 70 ಹತ್ರ. 80 ದಾಟಿಸಿದ್ರೆ ಎರಡೂ ಸತ್ತವು. ಅದಕ್ಕೇ ಅಂಗಡೀಲಿ ಸಿಗೋ ರಾಗಿ ಹುರಿಹಿಟ್ಟು ಇಲ್ಲಿ ಕೆಲಸಕ್ಕೆ ಬರಲ್ಲ, ಘಮ ಚೆನ್ನಾಗಿರುತ್ತೆ ಆದ್ರೆ ಹುರಿದಾಗಲೇ ಕಿಣ್ವ ಹೋಗಿರುತ್ತೆ. ನೀವೇ ರಾಗಿ ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೇಲಿ ಎರಡು ದಿನ ಕಟ್ಟಿಟ್ಟು, ಮೊಳಕೆ ಬಂದಮೇಲೆ ತೆಳ್ಳಗೆ ಹರಡಿ ಪೂರ್ತಿ ಒಣಗಿಸ್ರಿ. ನಮ್ಮ ಕಡೆ ಬಿಸಿಲಿಗೇನು ಬರ, ಎರಡು ದಿನ ಬೇಕಾಗಲ್ಲ. ಒಣಗಿದ್ದನ್ನ ಕೈಯಲ್ಲಿ ಉಜ್ಜಿ ಬೇರು ಉದುರಿಸಿ ಕೇರಿ, ಮಿಲ್ಲಲ್ಲಿ ರವೆ ಥರ ಒಡೆಸಿ. ಮಿಲ್ಲಿನೋರಿಗೆ ಮುಂಚೆನೇ ಹೇಳ್ರಿ, ಇಲ್ಲಾಂದ್ರೆ ಅಭ್ಯಾಸಬಲಕ್ಕೆ ಮುದ್ದೆ ಹಿಟ್ಟಿನ ಥರ ನುಣ್ಣಗೆ ಮಾಡಿಕೊಡ್ತಾರೆ, ಆಮೇಲೆ ಸೋಸೋಕೆ ನೀವು ಒದ್ದಾಡ್ಬೇಕು. ಬೂಸಲು ಕಂಡ್ರೆ ಆ ಮೊಳಕೆ ಪೂರ್ತಿ ಚೆಲ್ಲಿಬಿಡ್ರಿ, ಕಾಣೋ ಜಾಗ ಮಾತ್ರ ತೆಗೆದು ಬಳಸೋದು ಬೇಡ.

ಇನ್ನೊಂದು ತೊಡಕು. ಬಾರ್ಲಿ ಪಿಷ್ಟ 65ರಲ್ಲೇ ಬೆಂದು ಕಿಣ್ವಕ್ಕೆ ಸಿಗುತ್ತೆ, ರಾಗಿ ಪಿಷ್ಟ ಬೇಯೋಕೆ ಇನ್ನೂ ಹೆಚ್ಚು ಶಾಖ ಬೇಕು, ಆದ್ರೆ ಅಷ್ಟು ಶಾಖ ಕೊಟ್ರೆ ಕಿಣ್ವ ಉಳಿಯಲ್ಲ. ಉಪಾಯ ಏನಂದ್ರೆ ಎರಡು ಭಾಗ ಮಾಡೋದು. ಒಂದು ಕೆಜಿ ಮಾಮೂಲಿ ರಾಗಿ ಹಿಟ್ಟನ್ನ ಗ್ಯಾಸ್ ಒಲೆ ಮೇಲೆ ಐದಾರು ಲೀಟರ್ ನೀರಲ್ಲಿ ಗಂಜಿ ಥರ ಚೆನ್ನಾಗಿ ಕುದಿಸಿ, ಅದನ್ನ ಒಳ ಪಾತ್ರೆಗೆ ಸುರಿದು ತಣ್ಣೀರು ಬೆರೆಸಿ 65ಕ್ಕೆ ಇಳಿಸಿ, ಆಮೇಲೆ ಎರಡೂವರೆ ಕೆಜಿ ಮೊಳಕೆ ರವೆಯನ್ನ ದೊಡ್ಡ ನೈಲಾನ್ ಬಲೆ ಚೀಲದಲ್ಲಿ ಹಾಕಿ ಇಳಿಬಿಡ್ರಿ. ಮೊದಲ ಸಲ ನೋಡೋರಿಗೆ ಆಶ್ಚರ್ಯ ಆಗುತ್ತೆ, ಕೋಲು ನಿಲ್ಲೋವಷ್ಟು ಗಟ್ಟಿ ಇದ್ದ ಗಂಜಿ ಕಣ್ಮುಂದೇನೇ ನೀರಾಗ್ತಾ ಹೋಗುತ್ತೆ, ತಿರುವೋ ಕೈಗೆ ಗೊತ್ತಾಗುತ್ತೆ. ಇದೇ ಗುಣ ಇಟ್ಕೊಂಡೇ ಮೈಸೂರಿನ ಸಿಎಫ್‌ಟಿಆರ್‌ಐನೋರು ಮೊಳಕೆ ರಾಗಿ ಹಾಕಿ ಮಕ್ಕಳ ಆಹಾರದ ಮೇಲೆ ಕೆಲಸ ಮಾಡಿದ್ದು, ಗಂಜಿ ತೆಳ್ಳಗಾದ್ರೆ ಮಗು ಸಲೀಸಾಗಿ ಕುಡಿಯುತ್ತೆ, ಹಿಟ್ಟೂ ಹೆಚ್ಚು ಹಿಡಿಸುತ್ತೆ.

ಮುಗೀತಾ ಇಲ್ವಾ ಅಂತ ತಿಳಿಯೋಕೆ ಮೆಡಿಕಲ್ ಶಾಪ್ ಟಿಂಚರ್ ಅಯೋಡಿನ್ ಸಾಕು. ಬಿಳಿ ಪಿಂಗಾಣಿ ತಟ್ಟೆ ಮೇಲೆ ಒಂದು ಚಮಚ ರಸ, ಪಕ್ಕದಿಂದ ಒಂದು ಹನಿ ಅಯೋಡಿನ್. ಕಪ್ಪು ನೀಲಿ ತಿರುಗಿದ್ರೆ ಪಿಷ್ಟ ಇನ್ನೂ ಐತೆ, ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಉಳಿದ್ರೆ ಆಯ್ತು. ಗಂಟೆ ಒಂದೂವರೆ ಗಂಟೆ ಹಿಡಿಯಬಹುದು. ಆ ಚಮಚದ ರಸ ವಾಪಸ್ ಪಾತ್ರೆಗೆ ಹಾಕಬೇಡ್ರಿ, ತಟ್ಟೆ ತೊಳೆದುಬಿಡಿ. ರಸದ ಸಿಹಿ ಅಳೆಯೋ ರಿಫ್ರಾಕ್ಟೋಮೀಟರ್ ಇದ್ರೆ, ಅದ್ರ ಸಿಹಿ ಅಳತೆ 8ರಿಂದ 10 ಬ್ರಿಕ್ಸ್ ಬಂದ್ರೆ ಕುಡಿಯೋಕೆ ಹದ, ಕಮ್ಮಿ ಬಂದ್ರೆ ಬೆಲ್ಲ ಸೇರಿಸಿದ್ರೆ ಯಾರೂ ಜೈಲಿಗೆ ಹಾಕಲ್ಲ.

ಚೀಲ ಎತ್ತಿ ನೇತುಹಾಕಿ ಬಸಿಯಲಿ ಬಿಡ್ರಿ, ಚರಟ ದನಕ್ಕೆ ಒಳ್ಳೇದು. ಆಮೇಲೆ ಜಜ್ಜಿದ ಶುಂಠಿ, ಏಲಕ್ಕಿ ಹಾಕಿ ಹೊರ ನೀರನ್ನ ಕುದಿಯೋ ಮಟ್ಟಕ್ಕೆ ಏರಿಸ್ರಿ, ಒಳಗೆ 85 ದಾಟಿ ಹತ್ತು ಹದಿನೈದು ನಿಮಿಷ ನಿಂತ್ರೆ ಸಾಕು. ಬಿಯರ್ ಮಾಡೋರು ಹಾಪ್ಸ್ ಅನ್ನೋ ಕಹಿ ಹೂವು ಹಾಕೋದ್ರಿಂದ ಗಂಟೆ ಹೊತ್ತು ಕುದಿಸ್ತಾರೆ, ನಮಗೆ ಅದು ಬೇಕಿಲ್ಲ. ಅಂದಹಾಗೆ ಥರ್ಮೋಸ್ಟ್ಯಾಟನ್ನ 99ಕ್ಕೆ ಇಟ್ಟು ಕಟ್ ಆಗಲಿ ಅಂತ ಕಾಯ್ತಾ ಕೂರಬೇಡ್ರಿ, ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲೈತೆ, ನೀರು 98ಕ್ಕೇ ಕುದಿಯುತ್ತೆ, ಚಿತ್ರದುರ್ಗದಲ್ಲಿ ಇನ್ನೂ ಸ್ವಲ್ಪ ಮುಂಚೆ. 95ಕ್ಕೆ ಇಡ್ರಿ.

ತಣ್ಣಗೆ ಮಾಡೋದು ನಮ್ಮೂರಲ್ಲಿ ಕಾಯಿಸೋದಕ್ಕಿಂತ ಕಷ್ಟ. ಬ್ರೂಯಿಂಗ್ ಪುಸ್ತಕಗಳಲ್ಲಿ ನಲ್ಲಿ ನೀರು ಬಿಟ್ರೆ ಇಪ್ಪತ್ತು ನಿಮಿಷದಲ್ಲಿ 20 ಡಿಗ್ರಿ ಅಂತ ಬರೆದಿರ್ತಾರೆ, ನಮ್ಮ ಸಿಂಟೆಕ್ಸ್ ನೀರು ಬೇಸಿಗೆ ಮಧ್ಯಾಹ್ನ ಮುಖ ತೊಳೆಯೋಕೂ ಆಗಲ್ಲ. ಅದಕ್ಕೆ ಎರಡು ಹಂತ. ಮೇನ್ ಸ್ವಿಚ್ ಆಫ್ ಮಾಡಿ, ಹೊರಗಿನ ಕುದಿನೀರನ್ನ ಡ್ರೈನ್ ವಾಲ್ವಿಂದ ಬಕೆಟ್‌ಗೆ ಬಿಟ್ಕೊಳ್ರಿ, ತೊಳೆಯೋಕೆ ಬೇಕಾಗುತ್ತೆ. ಆಮೇಲೆ ಟ್ಯಾಂಕ್ ನೀರು ಮೇಲಿಂದ ಬಿಡ್ತಾ ಕೆಳಗಿಂದ ಹರಿಸ್ತಾ ಒಳಗಿಂದನ್ನ ತಿರುವ್ತಾ 40ಕ್ಕೆ ತನ್ರಿ. ಅಲ್ಲಿಂದ ಮುಂದೆ ಐಸು. 40ರಿಂದ 10 ಡಿಗ್ರಿಗೆ ಇಳಿಸೋಕೆ ಸುಮಾರು 10 ಕೆಜಿ ಬೇಕು, ಹೊರಗಿನ ನೀರಿಗೆ ಪುಡಿ ಮಾಡಿ ಹಾಕಿ, ಏರ್ ಕೂಲರ್‌ನ ಸಣ್ಣ ಪಂಪ್ ಒಂದನ್ನ ಅದ್ರಲ್ಲಿ ಬಿಟ್ರೆ ನೀರು ಸುತ್ತುತ್ತೆ ಬೇಗ ತಣ್ಣಗಾಗುತ್ತೆ. ಮೀನಿನ ಅಂಗಡಿಗೆ ಹೋಗೋ ಐಸ್ ಗಡ್ಡೆ ಆದ್ರೂ ಪರವಾಗಿಲ್ಲ, ರಸಕ್ಕೆ ಮುಟ್ಟಲ್ಲವಲ್ಲ, ನೀರು ಒಳಗೆ ಚಿಮ್ಮದಂಗೆ ಮುಚ್ಚಳ ಮುಚ್ಚಿರಿ ಅಷ್ಟೇ.

ತಣ್ಣಗಾದ ಮೇಲೆ ನಿಂಬೆರಸ ಇಲ್ಲಾ ನಿಂಬೆ ಉಪ್ಪು ಹಾಕಿ ಪಿಎಚ್ ಪಟ್ಟೀಲಿ 4ಕ್ಕೆ ತನ್ರಿ. ರುಚಿಗೆ ಮಾತ್ರ ಅಲ್ಲ ಇದು. ಮಾಲ್ಟ್ ರಸದ ಪಿಎಚ್ 5ರ ಮೇಲಿರುತ್ತೆ, ಸಿಹಿ ಬೇರೆ, ಗಾಳಿ ಆಡದ ಬಾಟಲೀಲಿ ಹೊರಗಡೆ ಇಟ್ರೆ ಬಾಟ್ಯುಲಿಸಂ ಅನ್ನೋ ಕಾಯಿಲೆ ತರೋ ವಿಷ ಹುಟ್ಟಿಸೋ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಜಾಗ. ಹುಳಿ ಮಾಡಿ, ಫ್ರಿಜ್‌ನಲ್ಲೇ ಇಟ್ಟು, ನಾಲ್ಕೈದು ದಿನದಲ್ಲಿ ಕುಡಿದು ಮುಗಿಸಿ. ನಿಮ್ಮ ಹಳೇ ಫ್ರಿಜ್ಜಿಗೆ ಇದೇ ಕೆಲಸ, 4 ಡಿಗ್ರಿ ಹಿಡಿದ್ರೆ ಅದ್ರದೇ ಥರ್ಮೋಸ್ಟ್ಯಾಟ್ ಸಾಕು. ಬಾಟಲಿ ತಾನೇ ಉಬ್ಬಿದ್ರೆ ಗಾಳಿಯ ಈಸ್ಟ್ ಸೇರಿ ಹುಳಿ ಎದ್ದೈತೆ ಅಂತ, ರುಚಿ ನೋಡೋಕೆ ಹೋಗದೆ ಚೆಲ್ಲಿಬಿಡಿ.

ಗ್ಯಾಸ್ ತುಂಬೋಕೆ ಫುಡ್ ಗ್ರೇಡ್ ಸಿಒ2 ಸಿಲಿಂಡರ್, ರೆಗ್ಯುಲೇಟರ್, ಪೆಟ್ ಬಾಟಲಿಗೆ ಹಾಕೋ ಕಾರ್ಬೊನೇಷನ್ ಕ್ಯಾಪ್. ಸೋಡಾ ತಯಾರಿಸೋರ ಹತ್ರ ಕೇಳಿದ್ರೆ ಗ್ಯಾಸ್ ಎಲ್ಲಿ ತುಂಬಿಸ್ತಾರೆ ಅಂತ ಹೇಳ್ತಾರೆ. ರಸ 4 ಡಿಗ್ರಿ ಇದ್ದಾಗ 12ರಿಂದ 15 ಪಿಎಸ್ಐ ಕೊಟ್ಟು ಬಾಟಲಿ ಅಲ್ಲಾಡಿಸಿದ್ರೆ ಹಿತವಾಗಿ ಹಿಡಿಯುತ್ತೆ. ಗಾಜಿನ ಬಾಟಲಿ ಬೇಡ. ಸಿಲಿಂಡರ್ ಮಾತ್ರ ತಾರಸಿ ರೂಮಲ್ಲಿ ಇಡಲೇಬೇಡ್ರಿ, ಸಿಒ2 31 ಡಿಗ್ರಿ ದಾಟಿದ್ರೆ ಒಳಗೆ ದ್ರವವಾಗಿ ಉಳಿಯೋದೇ ಇಲ್ಲ, ಆಗ್ಲೇ ಒತ್ತಡ 70 ಬಾರ್ ಮೇಲಿರುತ್ತೆ, ಶೀಟಿನ ಬಿಸಿಗೆ ಇನ್ನೂ ಏರುತ್ತೆ. ಕೆಳಗೆ ನೆರಳಲ್ಲಿ, ಕಿಟಕಿ ಇರೋ ಕಡೆ, ಗೋಡೆಗೆ ಚೈನ್ ಹಾಕಿ ನಿಲ್ಲಿಸ್ರಿ, ಮಲಗೋ ರೂಮಲ್ಲಿ ಬೇಡ.

ನೀರು ಯಾವುದು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಒಳ ಪಾತ್ರೆಗೆ ಕಾರ್ಪೊರೇಷನ್ ನೀರು ಒಳ್ಳೇದು, ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗೆ ಬರೋ ಭದ್ರಾ ನಾಲೆ ನೀರು, ರಾಜನಹಳ್ಳಿಯಿಂದ ಬರೋ ತುಂಗಭದ್ರಾ ನೀರು ಬೋರಿಗಿಂತ ಮೆದು. ಕ್ಲೋರಿನ್ ವಾಸನೆ ಇದ್ರೆ ಒಮ್ಮೆ ಕುದಿಸಿದ್ರೆ ಹೋಗುತ್ತೆ. ಚಿತ್ರದುರ್ಗ ಕಡೆಯೋರು ಇದನ್ನ ಓದ್ತಿದ್ರೆ, ಅಲ್ಲಿ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಐತೆ, ಅದು ಕುದಿಸಿದ್ರೆ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ, ಆರ್‌ಒ ನೀರೇ ಬಳಸ್ರಿ. ಹೊರಗಿನ ನೀರು ಬೋರಿಂದಾದ್ರೆ ಎಲಿಮೆಂಟ್ ಮೇಲೆ ಬಿಳಿ ಪದರ ಕಟ್ಟುತ್ತೆ, ತಿಂಗಳಿಗೊಮ್ಮೆ ನಿಂಬೆ ಉಪ್ಪು ಹಾಕಿ ಕಾಯಿಸಿಬಿಟ್ರೆ ಬಿಡುತ್ತೆ. ಒಳ ಪಾತ್ರೆಗೆ ಬಿಸಿನೀರು, ವಾಷಿಂಗ್ ಸೋಡಾ. ಬ್ಲೀಚಿಂಗ್ ಪೌಡರ್ ನೆನೆಸಿಟ್ರೆ ಸ್ಟೀಲಲ್ಲಿ ಸೂಜಿಮೊನೆ ತೂತು ಬೀಳ್ತವೆ.

ರಾಗಿ ಹಾಕೋ ಮುಂಚೆ ಬರೀ ನೀರಲ್ಲಿ ಒಂದು ಸಲ ಪೂರ್ತಿ ಓಡಿಸಿ ನೋಡ್ರಿ. ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿದ್ರೆ ಟ್ರಿಪ್ ಆಗ್ಬೇಕು. ಎಲಿಮೆಂಟ್ ಮೇಲೆ ಯಾವಾಗ್ಲೂ ನಾಲ್ಕು ಬೆರಳು ನೀರು ಇರ್ಬೇಕು, ಅದಕ್ಕಿಂತ ಇಳಿದ್ರೆ ಕಾಂಟ್ಯಾಕ್ಟರ್ ಕಟ್ ಆಗೋ ಥರ ಒಂದು ಫ್ಲೋಟ್ ಸ್ವಿಚ್ ಹಾಕ್ರಿ. ಮತ್ತೆ ಒಳ ಪಾತ್ರೆ ಖಾಲಿ ಇದ್ದಾಗ ಹೊರಗೆ ನೀರು ತುಂಬಿದ್ರೆ ಅದು ದೋಣಿ ಥರ ತೇಲಿ ವಾಲುತ್ತೆ, ಹಾಗಾಗಿ ಒಳಗೆ ಮೊದಲು ತುಂಬಿ ಆಮೇಲೆ ಹೊರಗೆ ತುಂಬ್ರಿ, ತಳಕ್ಕೆ ಮೂರು ಸ್ಟೀಲ್ ಬಿಲ್ಲೆ ಇಟ್ಟು ಅಂಚಿಗೆ ಎರಡು ಕ್ಲಾಂಪ್ ಹಾಕಿಸಿ.